ಬಿಟ್ಟುಕೊಟ್ಟ ಮೂರು ಅಡಿ

ಬೀದರ, ಹೊರಡುವ ಮುನ್ನ

ನನ್ನಂಥ ಡ್ರಾಯಿಂಗ್ ಮಾಸ್ತರನಿಗೆ ಜಪಾನ್ ನೋಡುವ ಯೋಗ ಬಂದದ್ದು ಮಕ್ಕಳ ಪುಣ್ಯದಿಂದ. ಭಾಲ್ಕಿಯ ನಮ್ಮ ಶಾಲೆಯ ಮಕ್ಕಳು ‘ನಾನು ಶಾಲೆಗೆ ಹೋಗುವ ದಾರಿ’ ಎಂದು ಬರೆದ ಚಿತ್ರಗಳನ್ನು ಅಲ್ಲಿಯ ಒಂದು ಸಣ್ಣ ಊರಿನ ಪುರಸಭೆ ತನ್ನ ರಸ್ತೆ ಸುರಕ್ಷತೆಯ ಪ್ರದರ್ಶನಕ್ಕೆ ಆರಿಸಿಕೊಂಡಿತ್ತು. ಚಿತ್ರಗಳ ಹಿಂದೆ ಮಾಸ್ತರನೂ ಬರಲಿ ಎಂದು ಕರೆ ಬಂತು. ಓಣಿಯಲ್ಲಿ, ಸ್ಟಾಫ್ ರೂಮಿನಲ್ಲಿ ಎಲ್ಲರೂ ಬೆನ್ನು ತಟ್ಟಿದರು. ನನಗೆ ಮಾತ್ರ ಖುಷಿಪಡಲು ಪುರುಸೊತ್ತಿರಲಿಲ್ಲ. ವಾರಕ್ಕೆ ಎರಡು ಸಲ ನಾನು ಒಂದು ಪ್ಲಾಸ್ಟಿಕ್ ಕುರ್ಚಿಯ ಒಂದು ಮಗ್ಗುಲು ಹಿಡಿಯಬೇಕಿತ್ತು. ನಾನು ಹೋದರೆ ಹಿಡಿಯುವವರು ಯಾರು ಎಂಬುದೇ ಚಿಂತೆ.

ಆ ಕುರ್ಚಿಯಲ್ಲಿ ಕೂರುವವಳು ನನ್ನ ವೈನಿ, ತೀರಿಹೋದ ಅಣ್ಣನ ಹೆಂಡತಿ. ಔರಾದ ತಾಲೂಕಿನ ಠಾಣಾ ಕುಶನೂರಿನ ಮಗಳು. ನಮ್ಮವ್ವ ಹೋದ ಮೇಲೆ ನನಗೆ ಉಣ್ಣಲಿಕ್ಕೆ ಹಾಕಿ ದೊಡ್ಡವನನ್ನಾಗಿ ಮಾಡಿದವಳು. ಈಗ ಅವಳ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗದಿದ್ದರೆ ಮುಖ ಕಾಲು ಊದಿಕೊಂಡು ಉಸಿರು ಹಿಡಿಯುತ್ತದೆ.

ಬೀದರದ ಹಳೇ ಊರಿನಲ್ಲಿರುವ ನಮ್ಮ ಓಣಿ ಒಳಗೆ ಸಾಕಷ್ಟು ಅಗಲ, ಬಾಯಿ ಮಾತ್ರ ಇಕ್ಕಟ್ಟು. ಬಾಯಿಯ ಬಲಕ್ಕೆ ಅಣ್ಣ ಕಟ್ಟಿಸಿದ ಒಂಟಿ ಕೋಣೆಯ ಖೋಲಿ, ಎಡಕ್ಕೆ ಮಾದಪ್ಪನ ಕಿರಾಣಿ ಅಂಗಡಿ. ನಕ್ಷೆಯ ಪ್ರಕಾರ ಎರಡೂ ಮೂರು ಮೂರು ಅಡಿ ಹಿಂದಿರಬೇಕು. ಆದರೆ ನಮ್ಮ ಕಡೆ ಒಂದು ಕಟ್ಟಡಕ್ಕೆ ಎರಡು ನಕ್ಷೆ ಇರುತ್ತವೆ, ಪರವಾನಿಗೆಗೆ ಒಂದು, ಗೋಡೆ ಕಟ್ಟುವ ಗೌಂಡಿಯ ಕೈಗೆ ಒಂದು. ಗೌಂಡಿಯ ನಕ್ಷೆಯಲ್ಲಿ ಬಿಡುವ ಜಾಗ ಅಂತ ಇರುವುದೇ ಇಲ್ಲ. ಹೀಗಾಗಿ ಆ ಬಾಯಿಯಲ್ಲಿ ಬೈಕು ತೂರುತ್ತದೆ, ಆಟೋ ತೂರುವುದಿಲ್ಲ. ನಮ್ಮ ಮನೆಯೋ ಓಣಿಯ ಕಟ್ಟಕಡೆಗೆ. ಅಲ್ಲಿಂದ ದೊಡ್ಡ ರಸ್ತೆಯವರೆಗೆ ವೈನಿಯನ್ನು ಕುರ್ಚಿ ಸಮೇತ ಹೊತ್ತು ತರಬೇಕು.

ಕುರ್ಚಿಯ ಇನ್ನೊಂದು ಮಗ್ಗುಲು ಹಿಡಿಯುವವನು ಯಾರೆಂದರೆ ಇದೇ ಮಾದಪ್ಪ. ಗಿರಾಕಿಯನ್ನು ನಿಲ್ಲಿಸಿ ಓಡಿ ಬರುತ್ತಾನೆ. ಅಷ್ಟು ಒಳ್ಳೆಯವನು. ಮೂರು ಅಡಿ ಬಿಡಪ್ಪಾ ಎಂದರೆ ಮಾತ್ರ ಬೇರೆ ಮನುಷ್ಯ.

“ಮಾಸ್ತರ್ರ, ವೈನಿಯವ್ರನ್ನ ದಿನಾ ಹೊರು ಅಂದ್ರೂ ಹೊರ್ತೇನಿ. ಗ್ವಾಡಿ ಸುದ್ದಿ ಮಾತ್ರ ತೆಗೀಬ್ಯಾಡ್ರಿ. ಮೊದಲ ನಿಮ್ದು ಕೆಡವ್ರಿ, ಆಮ್ಯಾಲ ನೋಡೋಣು.”

“ನೀ ಮೊದಲ ಕೆಡವು, ಮರುದಿನಾನ ನಂದು ಕೆಡವ್ತೇನಿ,” ಎಂದು ನಾನು. ಹೀಗೆ ಜಗಳಾಡುತ್ತಲೇ ಇಬ್ಬರೂ ಕುರ್ಚಿ ಹೊರುವುದು, ನಡುವೆ ವೈನಿ ಕಣ್ಣು ಮುಚ್ಚಿಕೊಂಡು ಕೂತಿರುವುದು. ಇದು ವರ್ಷಗಟ್ಟಲೆ ನಡೆದ ನಾಟಕ.

ಹೊರಡುವ ದಿನ ಮಾದಪ್ಪ, “ನಾನೂ ಆಟೋದಂವ ಕೂಡಿ ಹೊರ್ತೇವಿ, ನೀವು ನಿಶ್ಚಿಂತಿ ಹೋಗ್ರಿ,” ಎಂದ. ವೈನಿ ನನ್ನ ತಲೆ ಮುಟ್ಟಿ, “ಹೋಗೋ ಶಂಕರಾ. ಅಲ್ಲಿ ಮಂದಿ ಹ್ಯಾಂಗ ಇರ್ತಾರ ನೋಡ್ಕೊಂಡ ಬಾ. ಬಂದು ನನಗ ಹೇಳು,” ಎಂದಳು.

ಸಮುದ್ರದ ಮಗ್ಗುಲಿನ ಊರು

ಆ ಊರಿನ ಹೆಸರು ಇವತ್ತಿಗೂ ನನ್ನ ನಾಲಿಗೆಗೆ ಹತ್ತಿಲ್ಲ, ತಪ್ಪಾಗಿ ಬರೆಯುವುದಕ್ಕಿಂತ ಬಿಡುವುದೇ ವಾಸಿ. ನನ್ನ ಜೊತೆಗಿದ್ದ ದುಭಾಷಿ ಯೂಕೊ ಎಂಬಾಕೆ ಪುಣೆಯಲ್ಲಿ ಮರಾಠಿ ಓದಿದವಳು. ಬೀದರದವರಿಗೆ ಮರಾಠಿ ಮನೆಮಾತಿನಷ್ಟೇ ಸಲೀಸು. ಹೀಗಾಗಿ ಜಪಾನಿನಲ್ಲಿ ನಾನು ಮರಾಠಿಯಲ್ಲಿ ಬದುಕಿದೆ. ನನ್ನ ಮಾತಿನಲ್ಲಿ ನಡುನಡುವೆ ಕನ್ನಡ, ಉರ್ದು ಬಂದು ಬೀಳುವುದನ್ನು ಕೇಳಿ ಆಕೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು.

ಮೊದಲ ದಿನವೇ ನಗೆಪಾಟಲಾಯಿತು. ರಸ್ತೆ ದಾಟಬೇಕಿತ್ತು. ದೂರದಲ್ಲಿ ಒಂದು ಕಾರು ಬರುತ್ತಿತ್ತು. ನಾನು ರೂಢಿಯಂತೆ ಅಂಗೈ ಚಾಚಿ ‘ನಿಲ್ಲಪ್ಪಾ’ ಎಂದು ತಡೆಯುತ್ತ ನುಗ್ಗಿದೆ. ಕಾರಿನವನು ಆಗಲೇ ನಿಂತುಬಿಟ್ಟಿದ್ದ. ಒಳಗಿನಿಂದಲೇ ತಲೆಬಾಗಿದ. ನಾನೂ ಬಾಗಿದೆ. ಅವನು ಮತ್ತೆ ಬಾಗಿದ. ಇಬ್ಬರೂ ಬಾಗುತ್ತ ರಸ್ತೆಯ ನಡುವೆಯೇ ಉಳಿದೆವು, ಕೊನೆಗೆ ಯೂಕೊ ಬಂದು ನನ್ನ ತೋಳು ಹಿಡಿದು ಎಳೆದುಕೊಂಡು ಹೋದಳು.

ಪ್ರದರ್ಶನ ಇದ್ದದ್ದು ಅಲ್ಲಿಯ ಶಾಲೆಯ ಸಭಾಂಗಣದಲ್ಲಿ. ಹಲಬರ್ಗಾ ಹಳ್ಳಿಯಿಂದ ಶಾಲೆಗೆ ಬರುವ ನಮ್ಮ ಹುಡುಗಿಯೊಬ್ಬಳ ಚಿತ್ರದ ಮುಂದೆ ಜನ ನಿಂತೇ ಇದ್ದರು. ರಸ್ತೆಯ ಅರ್ಧಕ್ಕೆ ಸೋಯಾಬೀನ್ ಒಣಹಾಕಿದೆ, ಇನ್ನರ್ಧದಲ್ಲಿ ಟಿಪ್ಪರ್ ಬರುತ್ತಿದೆ, ಮಕ್ಕಳು ಕಾಳಿನ ಅಂಚಿನ ಮೇಲೆ ಸಾಲಾಗಿ ನಡೆಯುತ್ತಿದ್ದಾರೆ.

“ಕಾಳನ್ನು ರಸ್ತೆಯ ಮೇಲೆ ಯಾಕೆ ಹಾಕುತ್ತಾರೆ?” ಎಂದು ಒಬ್ಬ ಮುದುಕರು ಕೇಳಿದರು.

“ಒಣಗಲಿಕ್ಕೆ.”

“ಮಕ್ಕಳು ಎಲ್ಲಿ ನಡೆಯಬೇಕು?”

ನಾನು ಅವರನ್ನು ಮುಂದಿನ ಚಿತ್ರದತ್ತ ಕರೆದುಕೊಂಡು ಹೋದೆ. ಆದರೆ ಅವರ ಊರಿನದೂ ಒಂದು ಸಂಕಟ ಇತ್ತು. ಶಾಲೆಯ ದಾರಿಯುದ್ದಕ್ಕೂ ಬೇಲಿ, ಹಸಿರು ಬಣ್ಣದ ಪಟ್ಟೆ, ತಿರುವಿಗೊಂದು ಕನ್ನಡಿ, ಎಲ್ಲ ಇದೆ. ಬೆಳಿಗ್ಗೆ ನಿಂತು ನೋಡಿದರೆ ಹಳದಿ ಟೋಪಿಯ ಮಕ್ಕಳು ಬೆರಳೆಣಿಕೆಯಷ್ಟು. ದಾಟಿಸುವ ಅಜ್ಜಂದಿರೇ ಜಾಸ್ತಿ. ಮುಂದಿನ ವರ್ಷ ಆ ಶಾಲೆಯನ್ನು ಮುಚ್ಚಿ ಪಕ್ಕದ ಊರಿನದಕ್ಕೆ ಕೂಡಿಸುತ್ತಾರಂತೆ. ದಾರಿ ಮಾಡಿ ಮುಗಿಸುವ ಹೊತ್ತಿಗೆ ನಡೆಯುವ ಮಕ್ಕಳು ಮುಗಿದಿದ್ದರು. ನನಗೆ ಯಾಕೋ ಊಟ ಸೇರಲಿಲ್ಲ.

ಟೊಂಗೆಯ ರಗಳೆ

ಮರುದಿನ ಒಬ್ಬನೇ ಸುತ್ತಾಡಲು ಹೋದೆ. ಒಂದು ಗಲ್ಲಿಯಲ್ಲಿ ಮಳೆಗೆ ಕಾಲುದಾರಿಯ ಅಂಚು ಕುಸಿದು ಒಂದು ಹೊಂಡ ಬಿದ್ದಿತ್ತು. ಯಾರಾದರೂ ಕಾಲಿಟ್ಟರೆ ಕಥೆ ಮುಗಿಯಿತು. ನಮ್ಮೂರಲ್ಲಿ ಇಂಥಾದ್ದು ಕಂಡರೆ ಏನು ಮಾಡುತ್ತೇವೆ? ಹಸಿ ಟೊಂಗೆ ಮುರಿದು ಹೊಂಡದಲ್ಲಿ ನೆಡುತ್ತೇವೆ. ನಾನೂ ಅದನ್ನೇ ಮಾಡಿದೆ. ಪಕ್ಕದ ಬೇಲಿಯಿಂದ ಒಂದು ದೊಡ್ಡ ಟೊಂಗೆ ಮುರಿದು ನೆಟ್ಟು, ಮೇಲೆ ನನ್ನ ಕರವಸ್ತ್ರ ಕಟ್ಟಿ, ಪುಣ್ಯದ ಕೆಲಸ ಮಾಡಿದೆ ಎಂದು ಕೈ ಝಾಡಿಸಿಕೊಂಡೆ.

ಬೇಲಿಯ ಮನೆಯಿಂದ ಒಬ್ಬ ಮುದುಕಿ ಹೊರಬಂದಳು. ಟೊಂಗೆ ನೋಡಿದಳು, ನನ್ನನ್ನು ನೋಡಿದಳು, ಬಾಗಿದಳು, ಒಳಗೆ ಹೋಗಿ ಫೋನ್ ಮಾಡಿದಳು. ನಾನಿನ್ನೂ ಗಲ್ಲಿ ದಾಟಿರಲಿಲ್ಲ, ಪುರಸಭೆಯ ಸಣ್ಣ ಗಾಡಿ ಬಂತು. ಇಬ್ಬರು ಇಳಿದು ಮೊದಲು ಟೊಂಗೆಯ ಫೋಟೋ ತೆಗೆದರು. ಆಮೇಲೆ ಹೊಂಡದ್ದು. ಆಮೇಲೆ ನನ್ನದೂ ತೆಗೆಯುತ್ತಾರೇನೋ ಎಂದು ಹೆದರಿದೆ. ಯೂಕೊಗೆ ಫೋನ್ ಮಾಡಿ ಕರೆಸಿದೆ.

ಆಕೆ ಬಂದು ಕೇಳಿ ಹೇಳಿದಳು: “ಹೊಂಡ ತೋರಿಸಿದ್ದಕ್ಕೆ ಧನ್ಯವಾದ ಅನ್ನುತ್ತಿದ್ದಾರೆ. ಆದರೆ ಆ ಗಿಡ ಅಜ್ಜಿಯ ಗಂಡ ನೆಟ್ಟಿದ್ದಂತೆ.”

ಭೂಮಿ ಬಾಯಿ ಬಿಡಬಾರದೇ ಅನಿಸಿತು. ಕೈಮುಗಿದೆ. ಮುದುಕಿ ಟೊಂಗೆಯನ್ನು ಹೊಂಡದಿಂದ ತೆಗೆದು, ಎಲೆಯ ಮಣ್ಣು ಒರೆಸಿ, ಒಳಗೆ ಒಯ್ದು ನೀರಲ್ಲಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ಹಲ್ಲು ಬಿದ್ದ ಗಲ್ಲಿ

ಗಾಡಿಯಲ್ಲಿ ಬಂದ ಇಬ್ಬರಲ್ಲಿ ಒಬ್ಬರು ಪುರಸಭೆಯ ಕಟ್ಟಡ ವಿಭಾಗದ ಅಧಿಕಾರಿ. ನಿವೃತ್ತಿಗೆ ಹತ್ತಿರದ ಮನುಷ್ಯ. ನಾನು ಡ್ರಾಯಿಂಗ್ ಮಾಸ್ತರ ಎಂದು ತಿಳಿದು ಖುಷಿಯಾಗಿ ಆ ಗಲ್ಲಿಯನ್ನೇ ತೋರಿಸುತ್ತ ನಡೆದರು.

ಗಲ್ಲಿ ವಿಚಿತ್ರವಾಗಿತ್ತು. ಒಂದು ಮನೆ ಮುಂದೆ, ಮುಂದಿನದು ಹಿಂದೆ, ಮತ್ತೊಂದು ಮುಂದೆ. ಅಲ್ಲಲ್ಲಿ ಹಲ್ಲು ಬಿದ್ದ ಬಾಯಿಯ ಹಾಗೆ. ಅವರು ವಿವರಿಸಿದರು. ನಾಲ್ಕು ಮೀಟರಿಗಿಂತ ಕಿರಿದಾದ ರಸ್ತೆಯಲ್ಲಿ ಯಾರೇ ಹಳೇ ಮನೆ ಕೆಡವಿ ಹೊಸದು ಕಟ್ಟಲಿ, ರಸ್ತೆಯ ನಡುಗೆರೆಯಿಂದ ಎರಡು ಮೀಟರ್ ಹಿಂದೆ ಸರಿದೇ ಕಟ್ಟಬೇಕು. ಬೆಂಕಿ ಆರಿಸುವ ಗಾಡಿ, ರೋಗಿಯ ಗಾಡಿ ಬರಬೇಕಲ್ಲ. ಯಾರನ್ನೂ ಒಕ್ಕಲೆಬ್ಬಿಸುವುದಿಲ್ಲ, ಒಬ್ಬೊಬ್ಬರೇ ಕಟ್ಟುವಾಗ ಬಿಡುತ್ತಾ ಬರುತ್ತಾರೆ. ಬಿಟ್ಟ ಜಾಗದಲ್ಲಿ ಹೂವಿನ ಕುಂಡವನ್ನೂ ಇಡುವಂತಿಲ್ಲ.

“ಎದುರು ಮನೆಯವರು ಬಿಡದಿದ್ದರೆ?” ಎಂದೆ. ನನ್ನ ಪ್ರಶ್ನೆ ಅದೇ.

“ಅವರು ಕಟ್ಟುವಾಗ ಬಿಡುತ್ತಾರೆ.”

“ಮೊದಲು ಬಿಟ್ಟವನು ದಡ್ಡನಾಗುವುದಿಲ್ಲವೇ?”

ಯೂಕೊ ಇದನ್ನು ಅನುವಾದಿಸಲು ಒದ್ದಾಡಿದಳು. ಅಧಿಕಾರಿಗೆ ಪ್ರಶ್ನೆಯೇ ತಲೆಗೆ ಹೋಗಲಿಲ್ಲ. ಕೊನೆಗೆ, “ಯಾರಾದರೂ ಮೊದಲು ಇರಲೇಬೇಕಲ್ಲ,” ಎಂದರು. ಗಲ್ಲಿ ಪೂರ್ತಿ ಅಗಲ ಆಗುವುದು ಯಾವಾಗ ಎಂದರೆ, “ನಾನಂತೂ ನೋಡುವುದಿಲ್ಲ,” ಎಂದು ಟೊಂಗೆಯ ಅಜ್ಜಿಯ ಮನೆ ತೋರಿಸಿದರು. ಅದು ಎಲ್ಲಕ್ಕಿಂತ ಮುಂದೆ ಚಾಚಿತ್ತು. ಆಕೆ ಹೊಸ ಮನೆ ಕಟ್ಟುವುದಿಲ್ಲ, ಆಕೆಯ ಕಾಲ ಮುಗಿಯುವವರೆಗೂ ಗಲ್ಲಿ ಕಾಯುತ್ತದೆ.

ರೂಮಿಗೆ ಬಂದು ಹಾಸಿಗೆಯ ಮೇಲೆ ಕೂತೆ. ನಮ್ಮ ವೈನಿಗೆ ಅಷ್ಟು ಕಾಯುವ ಆಯುಷ್ಯ ಇಲ್ಲ. ಮಾದಪ್ಪನ ಜೊತೆ ‘ನೀ ಮೊದಲ, ನೀ ಮೊದಲ’ ಎಂದು ಆಡಿದ ಅಷ್ಟೂ ದಿನ ಕಣ್ಣ ಮುಂದೆ ಬಂದು ಮೈ ಉರಿಯಿತು. ನಮ್ಮ ಖೋಲಿಯ ಗೋಡೆಯೊಂದನ್ನೇ ಕೆಡವಿದರೂ ಆಟೋ ಬರುತ್ತದೆ. ಆಂಬುಲೆನ್ಸಿಗೆ ಮಾತ್ರ ಮಾದಪ್ಪನ ಮೂರಡಿ ಬೇಕು.

ಫೋನಿನಲ್ಲಿ

ಮನೆಗೆ ವಿಡಿಯೋ ಕಾಲ್ ಮಾಡಿದೆ. ನನ್ನ ಹೆಂಡತಿ ಫೋನನ್ನು ವೈನಿಯ ಮುಖದ ಮುಂದೆ ಹಿಡಿದಳು.

“ವೈನಿ, ಮೂಲೀ ಖೋಲಿ ಗ್ವಾಡಿ ಕೆಡವಿಬಿಡೋಣೇನ್ರಿ?”

“ಮಾದಪ್ಪ ಒಪ್ಪಿದ್ನೇನೋ?”

“ಅಂವಾ ಒಪ್ಪಲಿ ಬಿಡಲಿ. ನಾವು ಕೆಡವೋಣು.”

ಆ ಗೋಡೆಗೆ ಅಣ್ಣ ತಾನೇ ನಿಂತು ನೀರು ಹೊಡೆದದ್ದು ನನಗೂ ನೆನಪಿದೆ. ಬೇಡ ಅನ್ನುತ್ತಾಳೇನೋ ಎಂದುಕೊಂಡೆ.

“ನಿಮ್ಮಣ್ಣ ಇದ್ದಿದ್ರ ಇಷ್ಟೊತ್ತಿಗಿ ಕೆಡವಿರ್ತಿದ್ದ. ನೀ ಬರೂತನಕ ಯಾಕ? ನಾಳಿಗೇ ಗೌಂಡಿನ ಕರಸ್ತೇನಿ,” ಎಂದಳು.

ಕರೆಸಿಯೇ ಬಿಟ್ಟಳು. ಗೋಡೆ ಮೂರಡಿ ಹಿಂದೆ ಸರಿಯಿತು, ಕಲ್ಲುಮಣ್ಣು ಎತ್ತಿ ನೆಲ ಸಪಾಟು ಮಾಡಿಸಿದಳು. ಆಮೇಲೊಂದು ಬೆಳಿಗ್ಗೆ ಫೋನಿನಲ್ಲಿ ಅವಳು ಮಾತಾಡಿ ರೆಕಾರ್ಡ್ ಮಾಡಿ ಕಳಿಸಿದ ದನಿ ಬಂದಿತ್ತು. ಏದುಸಿರು, ಅದರೊಳಗೆ ನಗು: “ಶಂಕರಾ, ಆಟೋ ಬಾಗಲತನಕ ಬಂದಿತ್ತೋ! ನಾ ಕಟ್ಟಿ ಇಳದು ಒಮ್ಮಿಗೇ ಒಳಗ ಕುಂತೆ. ಯಾರ ಕೈನೂ ಹಿಡೀಲಿಲ್ಲ!”

ಅದನ್ನು ಯೂಕೊಗೆ ಕೇಳಿಸಿದೆ. ಅವಳಿಗೆ ಕನ್ನಡ ಬಾರದು, ಆದರೂ ಕಣ್ಣಲ್ಲಿ ನೀರು ತಂದುಕೊಂಡಳು. ಪ್ರವಾಸದಲ್ಲಿ ನನ್ನ ಹೊಟ್ಟೆ ತುಂಬಿದ ದಿನ ಅದೊಂದೇ.

ಬೀದರ, ಬಂದ ದಿನ

ಹೈದರಾಬಾದಿನಿಂದ ಬಸ್ಸಿನಲ್ಲಿ ಬಂದು, ಸಾಮಾನು ಹೇರಿಕೊಂಡು ಆಟೋ ಹತ್ತಿ, “ಓಣಿಯೊಳಗ ಹೋಗಲಿ ಗಾಡಿ,” ಎಂದು ದೊಡ್ಡಸ್ತಿಕೆಯಿಂದ ಹೇಳಿದೆ. ಆಟೋದವನು ಓಣಿಯ ಬಾಯಿಯಲ್ಲೇ ಬ್ರೇಕ್ ಹಾಕಿದ.

“ಹ್ಯಾಂಗ ಹೋಗ್ಲಿರಿ ಸರ್?”

ನಾವು ಬಿಟ್ಟ ಮೂರಡಿಯ ನಟ್ಟನಡುವೆ ಒಂದು ಕಬ್ಬಿಣದ ಕಂಬ ನಿಂತಿತ್ತು. ಬುಡಕ್ಕೆ ಮೊಣಕಾಲೆತ್ತರದ ಕಾಂಕ್ರೀಟ್ ಕಟ್ಟೆ. ಮೇಲೆ ಲೈಟು, ಅದರ ಕೆಳಗೆ ಕ್ಯಾಮೆರಾ. ಕಟ್ಟೆಯ ಮೇಲೆ ಹಳದಿ ಬಣ್ಣದಲ್ಲಿ ‘ರಸ್ತೆ ಸುರಕ್ಷತೆ’ ಎಂದು ಬರೆದಿತ್ತು. ಬಣ್ಣ ಇನ್ನೂ ಕೈಗೆ ಹತ್ತುತ್ತಿತ್ತು.

ಮಾದಪ್ಪ ಅಂಗಡಿಯಿಂದ ಇಳಿದು ಬಂದ. ಮುಖ ಸಪ್ಪಗಿತ್ತು. “ನಿಮಗ ಹೇಳಬ್ಯಾಡಂತ ವೈನಿಯವ್ರು ಆಣಿ ಹಾಕಿದ್ರು ಮಾಸ್ತರ್ರ. ಅಲ್ಲೆ ಕುಂತು ಯಾಕ ತಕಲೀಫ ಪಡಬೇಕು ಅಂತ.”

ನಮ್ಮ ವಾರ್ಡಿನ ಮೆಂಬರು ನಾನು ಬಂದ ಸುದ್ದಿ ತಿಳಿದು ಹಾರ ಹಿಡಿದುಕೊಂಡು ಬಂದರು. ಕಂಬ ಮಂಜೂರಾಗಿ ಬಹಳ ಕಾಲ ಆಗಿತ್ತಂತೆ. ಯಾರ ಮನೆ ಮುಂದೆ ಹಾಕಹೋದರೂ ಜಗಳ. ನಮ್ಮ ಜಾಗ ಖಾಲಿ ಕಂಡದ್ದೇ ಎಲ್ಲರೂ ಒಪ್ಪಿ ಪಾಸು ಮಾಡಿದರಂತೆ.

“ನೀವು ಜಾಗಾ ಕೊಟ್ರಿ, ನಾವು ಸುರಕ್ಷತಾ ಕೊಟ್ವಿ. ಓಣಿಗಿ ನೀವ ಮಾದರಿ ನೋಡ್ರಿ!” ಎಂದು ಹಾರ ಹಾಕಿದರು. ಮನಸ್ಸಿನಲ್ಲಿ ಕೆಟ್ಟದ್ದು ಒಂದಿಷ್ಟೂ ಇರಲಿಲ್ಲ. ಅದೇ ತೊಂದರೆ, ಬೈಯಲಿಕ್ಕೂ ಆಗಲಿಲ್ಲ. ಕಂಬ ಸರಿಸಿ ಎಂದದ್ದಕ್ಕೆ, “ಅದು ನನ್ನ ಕೈಯಾಗಿಲ್ರಿ. ಹಾಕಿದಂವ ಭಾಲ್ಕಿಯಾಗ ಅದಾನ,” ಎಂದರು.

ಭಾಲ್ಕಿ, ಔರಾದ

ಪಾಸ್‌ಪೋರ್ಟ್ ಬೇಡದ ಪ್ರವಾಸ ಶುರುವಾಯಿತು. ಜಪಾನಿನಲ್ಲಿ ಒಂದು ಹೊಂಡಕ್ಕೆ ಮನುಷ್ಯರು ಗಾಡಿ ಮಾಡಿಕೊಂಡು ತಾವೇ ಬಂದಿದ್ದರು. ಇಲ್ಲಿ ಒಂದು ಕಂಬಕ್ಕಾಗಿ ನಾನೇ ಬಸ್ಸು ಹತ್ತಿ ಮನುಷ್ಯರನ್ನು ಹುಡುಕಬೇಕು.

ಭಾಲ್ಕಿಯಲ್ಲಿ ಗುತ್ತಿಗೆದಾರ ಸಿಕ್ಕ. ಅಲ್ಲಿಯೂ ಅಂಥದೇ ಕಂಬ ನಿಲ್ಲಿಸುತ್ತಿದ್ದ. “ನಂದು ನಿಲ್ಲಸೂ ಕೆಲಸ ಸರ್, ತೆಗಿಯೂದಲ್ಲ. ಇಂಜಿನಿಯರ್ ಸಾಹೇಬ್ರು ಔರಾದಿನ್ಯಾಗ ಹಂಪ್ ನೋಡಾಕ ಹೋಗ್ಯಾರ. ಅವ್ರು ಅಂದ್ರ ಈಗ ಕಿತ್ತು ಒಗಿತೇನಿ,” ಎಂದ.

ಔರಾದಿಗೆ ಹೋದೆ. ಸಾಹೇಬರು ಬಿಸಿಲಲ್ಲಿ ನಿಂತು, ಗಾಡಿಗಳ ವೇಗ ತಡೆಯಲು ಜನ ತಾವೇ ಮುರುಮು ಮಣ್ಣು ಸುರಿದು ರಸ್ತೆಗೆ ಅಡ್ಡ ಮಾಡಿಕೊಂಡ ಹಂಪ್ ನೋಡುತ್ತಿದ್ದರು. ಅದನ್ನು ತೆಗೆಸಬೇಡಿ ಎಂದು ಒಂದು ಗುಂಪು, ತೆಗೆಸಿ ಎಂದು ಇನ್ನೊಂದು. ಬಳಲಿದ ಮನುಷ್ಯ. ಆದರೂ ನನ್ನನ್ನು ಚಹಾದಂಗಡಿಗೆ ಕರೆದೊಯ್ದು ಪೂರ್ತಿ ಕೇಳಿದರು.

“ಮಾಸ್ತರ್ರ, ಆ ಜಾಗಾ ಯಾರ್ದು?”

“ನಮ್ದ ಇತ್ರಿ. ಓಣಿಗಿ ಬಿಟ್ಟೇವಿ.”

“ಬಿಟ್ಟೀರಿ ಅಂದಮ್ಯಾಲ ಅದು ರಸ್ತಾ. ರಸ್ತಾದಾಗ ಕಂಬ ಹಾಕಾಕ ನಿಮ್ಮ ಪರವಾನಿಗಿ ಬೇಕಾಗಂಗಿಲ್ಲ.”

“ಗಾಡಿ ಹೋಗ್ಲಿ ಅಂತ ಬಿಟ್ಟದ್ರಿ ಸಾಹೇಬ್ರ. ಮನ್ಯಾಗ ಪೇಷಂಟ್ ಅದಾರ.”

“ನನಗ ತಿಳೀತದ್ರಿ.” ಚಹಾದ ಲೋಟ ಕೆಳಗಿಟ್ಟು ದನಿ ಇಳಿಸಿದರು. “ಒಂದು ಹಾದಿ ಹೇಳ್ತೇನಿ. ಗ್ವಾಡಿ ಮೊದಲಿದ್ದಲ್ಲೇ ತಿರುಗಿ ಕಟ್ರಿ. ನನ್ನ ಜಾಗಾದಾಗ ಕಂಬ ಬಂದಾದ ಅಂತ ಅರ್ಜಿ ಕೊಡ್ರಿ. ಖಾಸಗಿ ಜಾಗಾ ಅಂತ ಬರ್ದು ನಾ ತೆಗಸ್ತೇನಿ.”

“ಗ್ವಾಡಿ ಕಟ್ಟಿದ್ರ ಆಟೋ ಹ್ಯಾಂಗ ಬರ್ತದ್ರಿ?”

“ಅದಕ್ಕ ನನ್ನ ಹಂತ್ಯಾಕ ಏನೂ ಇಲ್ರಿ,” ಎಂದರು. ನಿಜವಾಗಿಯೂ ಅವರ ಹತ್ತಿರ ಏನೂ ಇರಲಿಲ್ಲ. ಚಹಾದ ದುಡ್ಡು ಕೊಡಲು ಬಿಡದೆ, ಎದ್ದು ಮತ್ತೆ ಆ ಹಂಪಿನ ಜಗಳಕ್ಕೆ ಹೋದರು.

ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತೆ. ಜಪಾನಿನ ಅಧಿಕಾರಿಗೆ ನಾನು ಕೇಳಿದ ಪ್ರಶ್ನೆ ನೆನಪಾಯಿತು, ಮೊದಲು ಬಿಟ್ಟವನು ದಡ್ಡನಾಗುವುದಿಲ್ಲವೇ ಎಂದು. ಅವರಿಗೆ ಅರ್ಥವಾಗದ್ದು ಅವರ ಭಾಗ್ಯ.

ಮತ್ತೆ ಬೀದರ

ಸಂಜೆ ಮಾದಪ್ಪನ ಅಂಗಡಿಯ ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿದೆ. ಅವನು ಬೆಲ್ಲ ತೂಗುವುದನ್ನು ನಿಲ್ಲಿಸಿದ.

“ಮಾಸ್ತರ್ರ, ಖರೇ ಹೇಳ್ತೇನಿ. ನಿಮ್ಮ ಗ್ವಾಡಿ ಬಿದ್ದ ದಿನ ನನಗ ನಿದ್ದಿ ಬರ್ಲಿಲ್ಲ. ವೈನಿಯವ್ರು ಆಟೋದಾಗ ಕುಂತು ನಕ್ಕೋತ ಹೋಗಿದ್ದು ನೋಡಿ ನಾನೂ ಗೌಂಡಿಗಿ ಮುಂಗಡ ಕೊಟ್ಟು ಬಂದಿದ್ದೆ. ಅಷ್ಟರಾಗ ಈ ಕಂಬ ಬಂತು.” ತಲೆ ತಗ್ಗಿಸಿದ. “ಗೌಂಡಿಗಿ ಬ್ಯಾಡ ಅಂದೀನ್ರಿ. ನಾ ಬಿಟ್ರ ನಂದ್ರಾಗ ಏನ್ ತಂದು ಇಡ್ತಾರೋ ಯಾರಿಗಿ ಗೊತ್ತು?”

ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಅವನ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

ವೈನಿಗೆ ಸಾಹೇಬರ ಸಲಹೆ ಹೇಳಿದೆ. ಗೋಡೆ ತಿರುಗಿ ಕಟ್ಟೋಣವೇ ಎಂದೆ.

“ಕಟ್ಟಬ್ಯಾಡ,” ಎಂದಳು. ಅಷ್ಟೇ. ಜಪಾನಿನ ಬಗ್ಗೆ ಏನಾದರೂ ಕೇಳುತ್ತಾಳೆ ಎಂದು ಕಾದೆ, ಕೇಳಲಿಲ್ಲ.

ಆಸ್ಪತ್ರೆಯ ದಿನ ಬೆಳಿಗ್ಗೆ ಕುರ್ಚಿ ತಂದಿಟ್ಟೆವು. ಅವಳು ಅದರತ್ತ ನೋಡಲೂ ಇಲ್ಲ. ಗೋಡೆ ಹಿಡಿದು ನಡೆಯತೊಡಗಿದಳು. ನಾವು ಕುರ್ಚಿ ಎತ್ತಿಕೊಂಡು ಹಿಂದೆ ಹಿಂದೆ. ಒಂದೊಂದು ಮನೆಗೂ ನಿಂತು ಉಸಿರು ತೆಗೆದುಕೊಳ್ಳುವಳು. ಬಾಗಿಲುಗಳಲ್ಲಿ ಹೆಂಗಸರು ಬಂದು ನಿಂತರು, “ಕುಂದರ್ರಿ ಅಕ್ಕಾ, ಕುಂದರ್ರಿ,” ಎಂದರು. ಕಿವಿಗೇ ಹಾಕಿಕೊಳ್ಳಲಿಲ್ಲ. ಓಣಿಯ ಬಾಯಿಗೆ ಬಂದವಳು ಎರಡೂ ಕೈಯಿಂದ ಕಂಬ ತಬ್ಬಿ ಹಿಡಿದಳು. ಮುಖ ಬೂದಿಯಾಗಿತ್ತು.

“ಮಾದಪ್ಪಾ, ಇದರಾಗ ನಾ ಕಾಣಸ್ತೇನೇನೋ?”

ಮಾದಪ್ಪ ಮೇಲಿನ ಕ್ಯಾಮೆರಾ ನೋಡಿದ. “ಕಾಣಸ್ತೀರಿ ವೈನಿಯವ್ರ.”

“ಹಂಗಾದ್ರ ಇಲ್ಲೇ ಜರಾ ನಿಲ್ತೇನಿ. ನೋಡ್ಲಿ.”

ದೊಡ್ಡ ರಸ್ತೆಯಲ್ಲಿ ಆಟೋದವನು ಹಾರ್ನ್ ಹೊಡೆಯುತ್ತಿದ್ದ. ಅವಳ ಹೊತ್ತು ತಪ್ಪಿದರೆ ಡಯಾಲಿಸಿಸ್ ಯಂತ್ರ ಬೇರೆಯವರಿಗೆ ಹೋಗುತ್ತದೆ. ನಾನು ಒಂದು ಕಡೆಯಿಂದ, ಮಾದಪ್ಪ ಇನ್ನೊಂದು ಕಡೆಯಿಂದ ಹತ್ತಿರ ಹೋದೆವು. ಅವಳು ಕಂಬ ಬಿಡಲಿಲ್ಲ. ಇಬ್ಬರನ್ನೂ ಮುಟ್ಟಗೊಡಲಿಲ್ಲ.